ಸುಜಾತಾ ಸಿಸ್ಟರ್ ಮಾತು ನಿಲ್ಲಿಸಿದ ವರ್ಷ

ನರ್ಸಿಂಗ್ ಕಲಿಯಲು ಆಸ್ಪತ್ರೆಗೆ ಬರುವ ಹುಡುಗಿಯರಿಗೆ ಮೊದಲ ದಿನ ಯಾರೂ ಹೇಳದ ಸಂಗತಿಯೊಂದಿದೆ. ನಿಮಗೆ ಕಲಿಸುವ ಸಿಸ್ಟರ್ ಆ ಹೊತ್ತಿನಲ್ಲಿ ಬರೀ ಕಲಿಸುತ್ತಿರುವುದಿಲ್ಲ. ಆಕೆಯ ಒಂದು ಕಿವಿ ನಿಮ್ಮ ಪ್ರಶ್ನೆಯ ಕಡೆಗಿದ್ದರೆ ಇನ್ನೊಂದು ಹೆರಿಗೆ ಟೇಬಲ್ಲಿನ ಮೇಲೆ ನರಳುತ್ತಿರುವವಳ ಕಡೆಗಿರುತ್ತದೆ. ಕೈ ಸಲೈನ್ ಬಾಟಲಿ ಬದಲಿಸುತ್ತಿರುತ್ತದೆ, ಕಣ್ಣು ಬಾಗಿಲಲ್ಲಿ ಜಗಳಕ್ಕೆ ನಿಂತ ಸಂಬಂಧಿಕರ ಮೇಲಿರುತ್ತದೆ. ಹೀಗೆ ವರ್ಷಗಟ್ಟಲೆ ನಡೆದರೆ ಏನಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ಕಡೆ ಸರಕಾರಿ ನೌಕರಿ ಮಾಡಿ ನಿವೃತ್ತಳಾದವಳು ನಾನು. ಹೆಚ್ಚಿನ ಕಾಲ ಹೆರಿಗೆ ವಾರ್ಡಿನಲ್ಲೇ ಕಳೆಯಿತು. ಬಡ್ತಿ, ಸನ್ಮಾನಗಳ ಕಥೆ ಯಾರಿಗೂ ಉಪಯೋಗವಿಲ್ಲ, ಬಿಟ್ಟುಬಿಡುತ್ತೇನೆ. ಇಲ್ಲಿ ಬರೆಯುವುದು ನನ್ನ ಜೊತೆಗಾರ್ತಿ ಸುಜಾತಾಳ ಬಗ್ಗೆ. ಅದು ಈ ನಾಲ್ಕರಲ್ಲಿ ಯಾವ ಊರಿನ ಆಸ್ಪತ್ರೆ ಎಂದು ಮಾತ್ರ ಕೇಳಬೇಡಿ. ಅಲ್ಲಿಯವರು ಇಂದಿಗೂ ನನ್ನನ್ನು ಕಂಡರೆ ಚಹಾ ಕುಡಿಸದೆ ಕಳಿಸುವುದಿಲ್ಲ.

ನಾನು ಸಂಪಗಾಂವದ ಒಕ್ಕಲುತನದ ಮನೆಯವಳು. ಕೆಲಸಕ್ಕೆ ಸೇರಿದಾಗ ವಾರ್ಡಿನಲ್ಲಿ ಕಲಿಸುವುದು ಎಂಬ ಮಾತೇ ಇರಲಿಲ್ಲ. ಗಾಜಿನ ಸಿರಿಂಜು ಕುದಿಸಿ ಎತ್ತಿಡು, ಹಿಂದೆ ನಿಂತು ನೋಡು, ನಡುವೆ ಬಾಯಿ ತೆರೆಯಬೇಡ. "ಕೇಳಿ ಕೇಳಿ ಕಲ್ಯಾಕ ಇದೇನ ಸಾಲಿ ಅಲ್ಲವಾ" ಎಂದು ನಮ್ಮ ಹಿರಿಯ ಸಿಸ್ಟರ್ ಒಬ್ಬರು ಗದರುತ್ತಿದ್ದರು. ನಾನೂ ಹಾಗೇ ಕಲಿತೆ, ಕೆಲವು ವರ್ಷ ಹಾಗೇ ಕಲಿಸಿದೆ. ಸುಜಾತಾ ವರ್ಗವಾಗಿ ಬಂದ ಮೇಲೆ ನಮ್ಮ ವಾರ್ಡಿನ ರೀತಿಯೇ ಬದಲಾಯಿತು.

ಸುಜಾತಾ ನನಗಿಂತ ಸಾಕಷ್ಟು ಚಿಕ್ಕವಳು. ಸಣ್ಣ ಮೈಕಟ್ಟು, ದೊಡ್ಡ ದನಿ. ನರ್ಸಿಂಗ್ ವಿದ್ಯಾರ್ಥಿನಿಯರು ಬಂದರೆ ಮೊದಲು ಒಬ್ಬೊಬ್ಬರ ಹೆಸರು, ಊರು ಕೇಳುತ್ತಿದ್ದಳು. ಆಮೇಲೆ ಆಗತಾನೆ ಹೆತ್ತ ತಾಯಿಯ ಅನುಮತಿ ಪಡೆದು ಒಬ್ಬಳ ಕೈಯನ್ನು ಆಕೆಯ ಹೊಟ್ಟೆಯ ಮೇಲೆ ಇಡಿಸುತ್ತಿದ್ದಳು.

"ಕಣ್ಣ ಮುಚ್ಚು. ಹೊಕ್ಕಳದ ಬುಡಕ್ಕ ಏನ ಹತ್ತತೈತಿ?"

"ಗಟ್ಟಿ ಗಡ್ಡಿ ಇದ್ದಂಗ ಐತ್ರಿ."

"ಅದು ಗರ್ಭಕೋಶ. ಗಟ್ಟಿ ಐತಿ ಅಂದ್ರ ಚಲೋ. ಮೆತ್ತಗಾತಂದ್ರ ರಗತ ನಿಲ್ಲಂಗಿಲ್ಲ. ಆವಾಗ ಏನ ಮಾಡಬೇಕು? ಹಿಂಗ ತಿಕ್ಕಬೇಕು, ಮತ್ತ ಒದರಬೇಕು. ಎದುರಿಗೆ ಡಾಕ್ಟರ್ ಇರಲಿ, ಯಾರ ಇರಲಿ, ಮರ್ಯಾದಿ ನೋಡಬ್ಯಾಡ್ರಿ, ಒದರ್ರಿ."

ಒಮ್ಮೆ ಹೊಸ ಹುಡುಗಿಯೊಬ್ಬಳಿಗೆ ಕಿಡ್ನಿ ಟ್ರೇ ತರಲು ಹೇಳಿದೆ. ಅವಳು ಆಸ್ಪತ್ರೆಯೆಲ್ಲ ಸುತ್ತಿ ಬಂದು, "ಕಿಡ್ನಿ ಆಪರೇಷನ್ ಇಲ್ಲಿ ಮಾಡಂಗಿಲ್ಲಂತ್ರಿ, ಬೆಳಗಾವಿಗೆ ಹೋಗಬೇಕಂತ್ರಿ" ಎಂದಳು. ವಾರ್ಡಿಗೆ ವಾರ್ಡೇ ನಕ್ಕಿತು. ಸುಜಾತಾ ನಗಲಿಲ್ಲ. ಟ್ರೇ ತಂದು ಎತ್ತಿ ಹಿಡಿದು, "ಇದರ ಆಕಾರ ನೋಡ್ರಿ, ಅದಕ್ಕ ಈ ಹೆಸರು. ನಕ್ಕವ್ರು ಯಾರ್ಯಾರಿಗೆ ಮೊದಲ ಗೊತ್ತಿತ್ತು, ಕೈ ಎತ್ರಿ" ಎಂದಳು. ಒಂದು ಕೈಯೂ ಮೇಲೇಳಲಿಲ್ಲ. ಆ ಹುಡುಗಿ ಮರುದಿನದಿಂದ ಸುಜಾತಾಳ ಬೆನ್ನು ಬಿಡಲಿಲ್ಲ.

ಕಷ್ಟ ಶುರುವಾದದ್ದೂ ಅಲ್ಲಿಂದಲೇ. ಊರೂರಿಗೆ ನರ್ಸಿಂಗ್ ಕಾಲೇಜುಗಳಾದವು. ಬೆಳಿಗ್ಗೆ ವ್ಯಾನುಗಳು ಬಂದು ಬಿಳಿ ಕೋಟಿನ ಹುಡುಗಿಯರನ್ನು ಇಳಿಸಿ ಹೋಗುತ್ತಿದ್ದವು. ಅವರ ಜೊತೆ ಬರಬೇಕಾದ ಕಾಲೇಜಿನ ಟೀಚರ್ ಹಾಜರಿ ಹಾಕಿಸಿ ಇನ್ನೊಂದು ಆಸ್ಪತ್ರೆಗೆ ಓಡುತ್ತಿದ್ದರು. ಉಳಿದದ್ದು ನಮ್ಮ ಪಾಲು. ಸುಜಾತಾ ಚೆನ್ನಾಗಿ ಕಲಿಸುತ್ತಾಳೆಂಬ ಹೆಸರಿದ್ದುದರಿಂದ ಎಲ್ಲರೂ ಅವಳ ಕಡೆಗೇ ಕಳಿಸುವರು. ಕಲಿಯುವವರು ಹೆಚ್ಚಿದರೆಂದು ಅವಳ ಪಾಲಿನ ಬಾಣಂತಿಯರು ಕಡಿಮೆಯಾಗಲಿಲ್ಲ. ಕೊರೊನಾ ಕಾಲದಲ್ಲಿ ಮನೆಮಠ ಬಿಟ್ಟು ದುಡಿದೆವು. ಅದು ಮುಗಿಯುವ ಹೊತ್ತಿಗೆ ಇಬ್ಬರು ಸಿಸ್ಟರುಗಳ ಜಾಗ ಖಾಲಿಯಾಗಿತ್ತು, ತುಂಬುವವರು ಬರಲಿಲ್ಲ. ವಿದ್ಯಾರ್ಥಿನಿಯರು ಮಾತ್ರ ತಪ್ಪದೆ ಬಂದರು.

ಆ ವರ್ಷ ಸುಜಾತಾಳ ಮಾತು ಕಡಿಮೆಯಾಯಿತು. ಹೆಸರು ಕೇಳುವುದು ಬಿಟ್ಟಳು. "ಏ, ನೀನು" ಎಂದು ಬೆರಳು ತೋರಿಸುವಳು. ಪ್ರಶ್ನೆ ಕೇಳಿದರೆ "ಪುಸ್ತಕದಾಗ ನೋಡ್ರಿ" ಎನ್ನುವಳು. ಬಂದವರ ಕೈಗೆ ಬಿ.ಪಿ. ಯಂತ್ರ ಕೊಟ್ಟು ದಿನವಿಡೀ ಅದನ್ನೇ ಮಾಡಿಸುವಳು. ಊಟದ ಡಬ್ಬಿ ತೆರೆಯದೆ ಮನೆಗೆ ಒಯ್ಯುವಳು. ರಕ್ತ ಕಡಿಮೆಯಾಗಿರಬೇಕು ಎಂದು ನಾವು ಮಾತಾಡಿಕೊಂಡೆವು. ಯಾರೋ ಥೈರಾಯ್ಡ್ ಅಂದರು. ಪರೀಕ್ಷೆ ಮಾಡಿಸಿದರೆ ಎಲ್ಲ ಸರಿಯಿತ್ತು. ರೋಗ ಪರೀಕ್ಷೆಯಲ್ಲಿ ಸಿಗಲಿಲ್ಲವಾದ್ದರಿಂದ ಅದು ಇಲ್ಲವೆಂದೇ ತಿಳಿದೆವು. ಆಸ್ಪತ್ರೆಯವರಾದ ನಾವೇ ಹಾಗೆ ತಿಳಿದೆವು.

ಆ ವರ್ಷದ ವಿದ್ಯಾರ್ಥಿನಿಯರಲ್ಲಿ ಕಾಳವ್ವ ಎಂಬ ಹುಡುಗಿಯಿದ್ದಳು. ಸಿರಸಂಗಿಯವಳು, ಸುಜಾತಾ ಮಾತು ಬಿಡುವ ಮೊದಲು ಅವಳ ಬಳಿ ಕಲಿತಿದ್ದಳು. ಮಾತು ಕಡಿಮೆ, ಕೇಳಿದ್ದನ್ನು ಮರೆಯುವವಳಲ್ಲ. ಒಂದು ಮುಂಜಾನೆ ಹೆರಿಗೆ ಕೋಣೆಯಲ್ಲಿ ನಾನು ಒಬ್ಬಳ ಬಳಿ ನಿಂತಿದ್ದೆ. ಆಸ್ಪತ್ರೆಯ ಮುಖ್ಯಸ್ಥರಾದ ಮುನವಳ್ಳಿ ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿದ್ದರು. ಪಕ್ಕದ ಕೋಣೆಯಲ್ಲಿ ಆಗತಾನೆ ಹೆತ್ತವಳೊಬ್ಬಳನ್ನು ಸುಜಾತಾಳ ಉಸ್ತುವಾರಿಗೆ ಬಿಡಲಾಗಿತ್ತು. ಸುಜಾತಾ ಬಾಗಿಲ ಬಳಿಯ ಮೇಜಿನಲ್ಲಿ ಕುಳಿತಿದ್ದಳು. ಕಾಳವ್ವ ಅವಳ ಮುಂದೆ ಬಂದು ನಿಂತದ್ದು ನನಗೆ ಕಾಣುತ್ತಿತ್ತು, ಆಡಿದ ಮಾತು ಆಮೇಲೆ ಕಾಳವ್ವನಿಂದಲೇ ತಿಳಿಯಿತು.

"ಸಿಸ್ಟರ್, ಆ ಬಾಯಾರ ಬಟ್ಟಿ ಎಲ್ಲಾ ತೊಯ್ದಾವ್ರಿ."

"ಹ್ಞೂಂ."

"ರಗತ ಬಾಳ ಹೊಂಟೈತ್ರಿ."

"ಹ್ಞೂಂ. ಬಂದೆ."

ಸುಜಾತಾ ಏಳಲಿಲ್ಲ. ಕಾಳವ್ವ ಒಂದು ಗಳಿಗೆ ಅವಳ ಮುಖ ನೋಡಿದಳು, ತಿರುಗಿ ಓಡಿದಳು. ಮರುಕ್ಷಣ ಇಡೀ ವಾರ್ಡಿಗೆ ಕೇಳುವಂತೆ ಅವಳ ದನಿ ಬಂತು.

"ಯಾರರೆ ಬರ್ರೀ! ಹೊಟ್ಟಿ ಮೆತ್ತಗಾಗೈತಿ! ಬರ್ರೀ ಯಾರರೆ!"

ನನ್ನ ಬಳಿಯಿದ್ದವಳ ಹೆರಿಗೆಗೆ ಇನ್ನೂ ಹೊತ್ತಿತ್ತು. ಆಯಾಳನ್ನು ಅವಳ ಹತ್ತಿರ ನಿಲ್ಲಿಸಿ ಓಡಿದೆ. ಕಾಳವ್ವ ಎರಡೂ ತೋಳಿನ ಬಲ ಹಾಕಿ ಹೊಟ್ಟೆ ತಿಕ್ಕುತ್ತಿದ್ದಳು. ಅವಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಕೈ ಮಾತ್ರ ನಿಂತಿರಲಿಲ್ಲ. ನಾನು ಇಂಜೆಕ್ಷನ್ ಕೊಟ್ಟು ಎರಡೂ ಕೈಗೆ ಸಲೈನ್ ಹಚ್ಚಿದೆ. ಮುನವಳ್ಳಿ ಡಾಕ್ಟರು ಥಿಯೇಟರಿನಿಂದ ಓಡಿ ಬಂದರು. ಗರ್ಭಕೋಶ ಮತ್ತೆ ಗಟ್ಟಿಯಾಗುವವರೆಗೂ ಕಾಳವ್ವನನ್ನು ಯಾರೂ ಸರಿಸಲಿಲ್ಲ. ರಕ್ತ ತರಿಸಿ ಕೊಟ್ಟೆವು. ಸಂಜೆ ಆ ತಾಯಿ ಕಣ್ಣು ಬಿಟ್ಟು ಚಹಾ ಕೇಳಿದಾಗ ನಾನೇ ಹೋಗಿ ತಂದುಕೊಟ್ಟೆ.

ಅದಕ್ಕೂ ಮೊದಲು, ರಕ್ತ ನಿಂತು ನಾನು ಹೊರಬಂದಾಗ ಸುಜಾತಾ ಕುರ್ಚಿಯಲ್ಲೇ ಇದ್ದಳು. ನಾನು ಹೆಗಲ ಮೇಲೆ ಕೈಯಿಟ್ಟಾಗ, "ಉಳದಳೇನಕ್ಕಾ?" ಎಂದಳು. ಹೌದು ಎಂದೆ. ಅವಳು ಕೊರಳಿನ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟು ಹೊರಟುಹೋದಳು.

ಮುಂದೆ ನಡೆದದ್ದು ಆಸ್ಪತ್ರೆಗಳಲ್ಲಿ ಎಲ್ಲೆಡೆ ನಡೆಯುವಂಥದೇ. ಕೂಗು ಕೇಳಿದ ಸಂಬಂಧಿಕರು ಗಲಾಟೆ ಮಾಡಿದ್ದರು. ವಿದ್ಯಾರ್ಥಿನಿಯೊಬ್ಬಳು ರಂಪ ಮಾಡಿ ಮರ್ಯಾದೆ ಕಳೆದಳೆಂದು ಕಾಲೇಜಿನವರು ಕಾಳವ್ವನನ್ನು ಮನೆಗೆ ಕಳಿಸಿದರು. ಸುಜಾತಾಳಿಗೆ ನೋಟಿಸ್ ಸಿದ್ಧವಾಯಿತು. ತಾಯಿ ಉಳಿದಿದ್ದಳು, ಉಳಿಸಿದವಳಿಗೂ ಅವಳಿಗೆ ಕಲಿಸಿದವಳಿಗೂ ಶಿಕ್ಷೆ ಕಾದಿತ್ತು.

ಸುಜಾತಾ ತವರಿಗೆ ಹೋಗಿದ್ದಳು. ಅವಳ ಅಣ್ಣನಿಗೆ ನವಿಲುತೀರ್ಥದ ಅಣೆಕಟ್ಟಿನಲ್ಲಿ ಗೇಟು ನೋಡಿಕೊಳ್ಳುವ ಕೆಲಸ. ರವಿವಾರ ನಾನು ಹೋದಾಗ ಬುದ್ಧನ ಪಟಕ್ಕೆ ಹೂವಿಟ್ಟು ಅತ್ತಿಗೆ ಅಡಿಗೆಗೆ ಹೊರಟಿದ್ದರು. ಸುಜಾತಾ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು.

"ಅಕ್ಕಾ, ಆಕಿ ಹೇಳಿದ್ದು ಕೇಳಿಸ್ತು," ಎಂದಳು. ನಾನಿನ್ನೂ ಏನನ್ನೂ ಕೇಳಿರಲಿಲ್ಲ. "ಅರ್ಥನೂ ಆತು. ಏಳಬೇಕು ಅಂತ ಗೊತ್ತಿತ್ತು. ಕಾಲ ಏಳಲಿಲ್ಲ."

"ಎಷ್ಟ ದಿನದಿಂದ ಹಿಂಗ?"

"ಗೊತ್ತಿಲ್ಲ. ಹುಡುಗ್ಯಾರು ಬಂದು ನಿಂತ್ರ ಎಲ್ಲಾರ ಮುಖ ಒಂದ ಕಾಣತಾವ. ಏನರ ಕೇಳಿದ್ರ ಅಳು ಬರತೈತಿ. ಅಳಬಾರದಂತ ಮಾತ ಬಿಟ್ಟೆ. ನಾ ಕಲಸೂದ ಬ್ಯಾಡಂದ್ರ ಯಾರಿಗೆ ಹೇಳಬೇಕಿತ್ತು? ಚಲೋ ಕಲಸ್ತಿ ಅಂತಾರ, ಇನ್ನಷ್ಟು ಮಂದಿನ್ನ ಕಳಸ್ತಾರ."

ಆಚೆ ಗೇಟಿನಿಂದ ನೀರು ಬೀಳುವ ಸದ್ದು ಮನೆಯೊಳಗೂ ಕೇಳುತ್ತಿತ್ತು. ಧಾರವಾಡದ ಮನೋವೈದ್ಯರ ಬಳಿ ಹೋಗೋಣ ಎಂದೆ. ಜನ ಏನಂದಾರು ಎಂದು ಅತ್ತಿಗೆ ಹಿಂದೆಗೆದರು. ಅಣ್ಣ ಮಾತ್ರ, "ಗೇಟ್ ಕೆಟ್ರ ಎಂಜಿನಿಯರ್‌ನ ಕರೀತೇವಿ, ನಾಚಕೊಂತೇವೇನ್ರಿ? ನಾ ಕರ್ಕೊಂಡ ಹೋಗತೇನಿ" ಎಂದ. ಮರುದಿನವೇ ಕರೆದೊಯ್ದ. ಹತ್ತಾರು ವರ್ಷ ಆಸ್ಪತ್ರೆಯಲ್ಲಿದ್ದ ನಾನು ಆಡಬೇಕಾದ ಮಾತನ್ನು ಆತ ಅಷ್ಟು ಸಲೀಸಾಗಿ ಆಡಿದ್ದು ನನಗೆ ಬಲ ಕೊಟ್ಟಿತು.

ಸೋಮವಾರ ಮುನವಳ್ಳಿ ಡಾಕ್ಟರ ಕೋಣೆಗೆ ಹೋದೆ. ಅವರು ಕೆಟ್ಟವರಲ್ಲ. ಮೇಲಿನವರ ಫೋನಿಗೆ ಹೆದರುವ ಒಳ್ಳೆಯ ಮನುಷ್ಯ.

"ಮಹಾದೇವಿ ಸಿಸ್ಟರ್, ನಾ ಏನ ಮಾಡಲಿ? ಜೀವದ ಪ್ರಶ್ನೆ ಐತಿ. ನೋಟಿಸ್ ಕೊಡಾಕಬೇಕು."

"ಕೊಡ್ರಿ ಸಾಹೇಬ್ರ. ಅದಕ್ಕಿಂತ ಮೊದಲ ನಾಳೆ ಮುಂಜಾನಿ ಒಂದ ತಾಸು ಆಕಿ ಜಾಗಾದಾಗ ಬಂದು ನಿಂದರ್ರಿ. ಏನೂ ಮಾಡಬ್ಯಾಡ್ರಿ. ಬರೇ ನಿಂದರ್ರಿ."

ಅವರು ಸಿಟ್ಟಾದರು. ಆದರೆ ಮರುದಿನ ಬಂದರು. ಮೇಜಿನ ಬಳಿ ನಿಂತದ್ದೇ ತಡ, ಒಬ್ಬ ವಿದ್ಯಾರ್ಥಿನಿ ಚಾರ್ಟ್ ಹಿಡಿದು ಬಂದಳು, ಇನ್ನಿಬ್ಬರು ಸಹಿಗೆ ನಿಂತರು. ಒಳಗೆ ಒಬ್ಬಳು ಕಿರುಚಿದಳು. ಒಬ್ಬಾಕೆಯ ಅತ್ತೆ ಬಂದು ಕೂಸಿಗೆ ಜೇನುತುಪ್ಪ ನೆಕ್ಕಿಸುವುದಾಗಿ ಹಟ ಹಿಡಿದಳು. ಸಲೈನ್ ಮುಗಿದಿತ್ತು. ಫೋನು ಬಡಿದುಕೊಳ್ಳುತ್ತಿತ್ತು. ಈ ನಡುವೆ ಹಿಂದಿನಿಂದ ಒಂದು ಸಣ್ಣ ದನಿ, "ಸರ್, ಇದನ್ನ ಹೆಂಗ ಬರೀಬೇಕ್ರಿ?" ಎಂದು ಕೇಳುತ್ತಲೇ ಇತ್ತು. "ಸ್ವಲ್ಪ ತಡೀರಿ!" ಎಂದು ಡಾಕ್ಟರು ಗುಡುಗಿದರು. ಆ ಹುಡುಗಿ ಕಣ್ಣು ತುಂಬಿಕೊಂಡು ಹಿಂದೆ ಸರಿದಳು. ಡಾಕ್ಟರು ಅವಳ ಮುಖವನ್ನೇ ನೋಡಿದರು.

ಒಂದು ತಾಸು ತುಂಬುವ ಮೊದಲೇ ನನ್ನನ್ನು ಕಾರಿಡಾರಿಗೆ ಕರೆದರು.

"ನನಗೂ ಮೊದಲ ಕಲಸೂದಂದ್ರ ಬಾಳ ಖುಷಿ ಇತ್ರಿ ಸಿಸ್ಟರ್. ಎಕ್ಸ್‌ರೇ ಹಿಡಕೊಂಡು ತಾಸಗಟ್ಲೆ ಹೇಳತಿದ್ದೆ. ಈಗ ಹೊಸ ಡಾಕ್ಟರ್ ಹುಡುಗ್ರು ಬರೂದ ಕಂಡ್ರ ಹಿಂದಿನ ಬಾಗಲಾ ಹಿಡೀತೇನಿ." ಆಮೇಲೆ ಕೇಳಿದರು, "ಏನ ಮಾಡೂಣು ಹೇಳ್ರಿ."

ನಾನು ನವಿಲುತೀರ್ಥದಿಂದ ದಾರಿಯುದ್ದಕ್ಕೂ ಯೋಚಿಸಿಕೊಂಡೇ ಬಂದಿದ್ದೆ, ಒಂದೊಂದಾಗಿ ಹೇಳಿದೆ. ವಿದ್ಯಾರ್ಥಿನಿಯರು ವಾರ್ಡಿನಲ್ಲಿರುವಷ್ಟು ಹೊತ್ತೂ ಕಾಲೇಜಿನ ಟೀಚರ್ ಅಲ್ಲೇ ಇರಬೇಕು. ಕಲಿಸುವ ಸಿಸ್ಟರಿಗೆ ಆ ಹೊತ್ತಿನಲ್ಲಿ ರೋಗಿಗಳ ಹೊಣೆ ಹಚ್ಚಬಾರದು. ವಾರ್ಡಿನಲ್ಲಿ ಸಿಸ್ಟರುಗಳು ಸಾಲದ ದಿನ ವ್ಯಾನು ತಿರುಗಿ ಹೋಗಬೇಕು. ಒಂದು ತಂಡಕ್ಕೆ ಕಲಿಸಿದವಳಿಗೆ ಮುಂದಿನ ತಂಡ ಬೇಡ, ಅವಳು ಒಂದಷ್ಟು ಕಾಲ ಬರೀ ನರ್ಸ್ ಆಗಿರಲಿ. ಮತ್ತೆ, ಕಾಳವ್ವ ತರಗತಿಗೆ ಮರಳಬೇಕು.

ಡಾಕ್ಟರು ಕಾಲೇಜಿನ ಮುಖ್ಯಸ್ಥರನ್ನು ಕರೆಸಿದರು. ಅವರು ಬರುವಾಗ ತಮ್ಮ ಟೀಚರ್ ವಿದ್ಯಾಳನ್ನೂ ಕರೆತಂದಿದ್ದರು. ಹೊಸದಾಗಿ ಮದುವೆಯಾದ ಹುಡುಗಿ, ಕಣ್ಣ ಕೆಳಗೆ ಕಪ್ಪು. ನನ್ನ ಮಾತು ಮುಗಿಯುವ ಮೊದಲೇ ಮುಖ್ಯಸ್ಥರು ಎದ್ದು, "ನಾವೂ ಮ್ಯಾಲ ಮಾತಾಡಬಲ್ಲೆವು. ನಿಮ್ಮನ್ನ ಎಲ್ಲಿಗರ ಒಗದಾರು ನೋಡ್ರಿ" ಎಂದರು.

"ಒಗೀಲಿ ಬಿಡ್ರಿ," ಎಂದೆ. "ನಾಕೂ ತಾಲೂಕಿನಾಗ ನನಗ ಬಾಡಿಗಿ ಮನಿ ಸಿಗತಾವ. ನಾ ಹೋದಲ್ಲೆ ಇದನ್ನ ಹೇಳಾಕಿ."

ಆಗ ವಿದ್ಯಾ ಬಾಯಿ ತೆರೆದಳು. "ಸರ್, ನನ್ನ ಒಬ್ಬಾಕಿಗೆ ಮೂರ ಆಸ್ಪತ್ರಿ ಕೊಟ್ಟೀರಿ. ಅಡ್ಮಿಷನ್ ಸಲುವಾಗಿ ಹಳ್ಳಿ ತಿರಗೂದೂ ನಾನ. ನಂಗೂ ಆಗವಲ್ದು. ಒಂದ ಆಸ್ಪತ್ರಿ ಕೊಡ್ರಿ, ನಾ ದಿನಾ ವಾರ್ಡಿನಾಗ ನಿಲ್ಲತೇನಿ."

ಮುಖ್ಯಸ್ಥರು ಅವಳ ಕಡೆ ತಿರುಗಿದರು. ಅಷ್ಟರಲ್ಲಿ ಮುನವಳ್ಳಿ ಡಾಕ್ಟರು, ಹಾಗೆ ಟೀಚರ್ ನಿಲ್ಲದಿದ್ದರೆ ಈ ಆಸ್ಪತ್ರೆಯ ಬಾಗಿಲು ನಿಮ್ಮ ವ್ಯಾನಿಗೆ ತೆರೆಯುವುದಿಲ್ಲ ಎಂದು ಹೇಳಿಬಿಟ್ಟರು. ಅವರ ಬಾಯಲ್ಲಿ ಅಂಥ ಮಾತನ್ನು ನಾನು ಮೊದಲು ಕೇಳಿರಲಿಲ್ಲ. ಅವರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಹೇಳಿದ ಮೇಲೆ ಒಂದು ಲೋಟ ನೀರು ಕುಡಿದರು.

ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಸುಜಾತಾಳ ನೋಟಿಸು ನಿಂತಿತು, ಅನಾರೋಗ್ಯದ ರಜೆ ಮಂಜೂರಾಯಿತು. ಕಾಳವ್ವ ಕಾಲೇಜಿಗೆ ಮರಳಿದಳು. ಕೆಲವು ತಿಂಗಳಲ್ಲಿ ನನಗೆ ವರ್ಗಾವಣೆಯೂ ಬಂತು. ಕಾಲೇಜಿನ ಮುಖ್ಯಸ್ಥರು ಸುಮ್ಮನೆ ಹೇಳಿರಲಿಲ್ಲ. ಪೆಟ್ಟಿಗೆ ಕಟ್ಟಿಕೊಂಡು ಹೋದೆ. ಹೊಸ ಜಾಗದಲ್ಲಿ ಮೊದಲ ವಾರವೇ ವಿದ್ಯಾರ್ಥಿನಿಯರ ವ್ಯಾನು ಬಂತು. "ನಿಮ್ಮ ಟೀಚರ್ ಎಲ್ಲಿ?" ಎಂದು ಕೇಳುವುದರೊಂದಿಗೆ ಅಲ್ಲಿಯ ಕೆಲಸ ಶುರುಮಾಡಿದೆ. ಹಳೆಯ ವಾರ್ಡಿನಲ್ಲಿ ವಿದ್ಯಾ ದಿನವೂ ನಿಂತಳು. ಅವಳು ನಿಂತದ್ದರಿಂದಲೇ ನಮ್ಮ ಮಾತು ಅಲ್ಲಿ ಉಳಿಯಿತು.

ಸುಜಾತಾ ತಿಂಗಳುಗಟ್ಟಲೆ ಔಷಧಿ ತೆಗೆದುಕೊಂಡಳು. ರಜೆಯಿಂದ ಮರಳಿದಾಗ ಲಸಿಕೆ ಕೋಣೆ ಕೇಳಿ ಪಡೆದಳು. ಕೂಸುಗಳು ಅಳುತ್ತವೆ, ತಾಯಂದಿರು ಸಮಾಧಾನ ಮಾಡುತ್ತಾರೆ, ಯಾರೂ ಪಾಠ ಕೇಳುವುದಿಲ್ಲ. ಅದೇ ಬೇಕಾಗಿತ್ತು ಅವಳಿಗೆ. ಓದು ಮುಗಿಸಿದ ಕಾಳವ್ವ ಒಂದು ದಿನ ನನ್ನ ಜೊತೆ ಅಲ್ಲಿಗೆ ಬಂದಳು. ಹೊಸ್ತಿಲ ಹೊರಗೇ ನಿಂತಳು.

"ಒಳಗ ಬಾರವಾ," ಎಂದಳು ಸುಜಾತಾ.

"ಅವತ್ತ ನಿಮ್ಮನ್ನ ಬಿಟ್ಟು ಒದರಿದೆನ್ರಿ ಸಿಸ್ಟರ್. ನಿಮಗ ತ್ರಾಸ ಆತು."

ಸುಜಾತಾ ಕೈಯಲ್ಲಿದ್ದ ಹತ್ತಿ ಕೆಳಗಿಟ್ಟಳು. "ನೀ ಒದರಲಿಲ್ಲಂದ್ರ ಆ ಹೆಣಮಗಳು ಹೋಗತಿದ್ಲು. ನಾನೂ ಹೋಗತಿದ್ದೆ. ನೀ ಇನ್ನಷ್ಟ ಜೋರ್ ಒದರಬೇಕಿತ್ತು, ನನ್ನ ಕಿವ್ಯಾಗ."

ಇಬ್ಬರೂ ಅತ್ತರು. ಸೂಜಿಗೆ ಕಾದಿದ್ದ ಕೂಸೂ ಅಳುತ್ತಿದ್ದರಿಂದ ಹೊರಗಿದ್ದವರಿಗೆ ಗೊತ್ತಾಗಲಿಲ್ಲ.

ಈಗ ಈ ಕೆಲಸಕ್ಕೆ ಬರುತ್ತಿರುವವರಿಗೆ ಒಂದು ಮಾತು. ನಿಮ್ಮ ವಾರ್ಡಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಲಿಸುವವರು ಯಾರೆಂದು ನೋಡಿ. ಅವರ ಮಾತು ಕಡಿಮೆಯಾದರೆ ಸೊಕ್ಕು ಬಂತೆಂದು ತಿಳಿಯಬೇಡಿ. ಊಟ ಮಾಡಿದಿರಾ ಎಂದು ಕೇಳಿ. ಉತ್ತರ ಬರದಿದ್ದರೆ ಅವರ ಕೆಲಸವನ್ನು ಅರ್ಧ ಇಳಿಸುವಂತೆ ಮೇಲಿನವರ ಬಾಗಿಲು ತಟ್ಟಿ. ಅವರು ತಾವಾಗಿ ತಟ್ಟಲಾರರು, ಅಷ್ಟು ಶಕ್ತಿ ಉಳಿದಿದ್ದರೆ ಅವರಿಗೆ ಹೀಗಾಗುತ್ತಲೇ ಇರಲಿಲ್ಲ.

ನಾನು ನಿವೃತ್ತಳಾಗಿ ಬೈಲಹೊಂಗಲದಲ್ಲಿ ನೆಲೆಸಿದ್ದೇನೆ. ಕಾಳವ್ವ ರಾಮದುರ್ಗದ ಕಡೆಯ ಒಂದು ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದಾಳೆ. ಮೊನ್ನೆ ಬೇಸಿಗೆಯಲ್ಲಿ ಅವಳ ಫೋನು ಬಂತು.

"ಅಕ್ಕಾರ, ಇವತ್ತ ಹುಡುಗ್ಯಾರ ವ್ಯಾನ್ ವಾಪಸ್ ಕಳಿಸಿದೆ. ಟೀಚರ್ ಬಂದಿರಲಿಲ್ಲ, ನನ್ನ ಕಡೆ ವಾರ್ಡ್ ತುಂಬಿತ್ತು. ನಾಳೆ ಕಾಲೇಜಿನವ್ರು ಸಾಹೇಬ್ರ ಹತ್ರ ಬರ್ತಾರಂತ. ನೀವು ಬರ್ರಿ ಅನ್ನಾಂಗಿಲ್ಲ. ಹೇಳಬೇಕನಸ್ತು, ಹೇಳಿದೆ."

ಬನ್ನಿ ಎನ್ನುವುದಿಲ್ಲ ಎಂದು ಅವಳು ಹೇಳಿದ ರೀತಿಯಲ್ಲೇ ನನಗೆ ಎಲ್ಲ ತಿಳಿಯಿತು. ಬೆಳಗಿನ ಮೊದಲ ಬಸ್ಸು ಹಿಡಿದೆ. ಸವದತ್ತಿಯಲ್ಲಿ ಸುಜಾತಾ ಹತ್ತಿಕೊಂಡಳು. ನಾನು ಹೇಳಿದ್ದಕ್ಕೆ ರಜೆ ಹಾಕಿ ಬಂದಿದ್ದಳು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಾತುಕತೆ ಶುರುವಾಗಿತ್ತು. ನಾವಿಬ್ಬರೂ ಕೋಣೆಯ ಹೊರಗಿನ ಬೆಂಚಿನ ಮೇಲೆ ಕುಳಿತೆವು. ಬಾಗಿಲು ಅರೆ ತೆರೆದಿತ್ತು. ಒಳಗೆ ಗಂಡಸಿನ ದನಿ ಏರಿತು, ಇಳಿಯಿತು. ಕಾಳವ್ವನ ದನಿ ಮಾತ್ರ ಒಂದೇ ಸಮ ಇತ್ತು. ಎದ್ದು ಒಳಗೆ ಹೋಗಬೇಕೆಂದು ನನಗೆ ಅನಿಸಿತು. ಸುಜಾತಾ ನನ್ನ ಸೆರಗು ಹಿಡಿದು ಕೂರಿಸಿದಳು. "ಆಕಿ ಮಾತಾಡಲಿ ಬಿಡಕ್ಕಾ," ಎಂದಳು.

ಬಹಳ ಹೊತ್ತಿನ ಮೇಲೆ ಕಾಳವ್ವ ಹೊರಬಂದಳು. ನಮ್ಮನ್ನು ಕಂಡು ಬೆಚ್ಚಿ, ಆಮೇಲೆ ನಕ್ಕಳು. ಗೇಟಿನ ಬಳಿಯ ಅಂಗಡಿಗೆ ಕರೆದೊಯ್ದು ಚಹಾ ಕೊಡಿಸಿದಳು.

"ಸೋಮವಾರದಿಂದ ಟೀಚರ್ ಜೊತೀಗೆ ಬರ್ತಾರಂತ್ರಿ. ಸಾಹೇಬ್ರೂ ಹೂಂ ಅಂದಾರ."

"ಬರಲಿಲ್ಲಂದ್ರ?" ಎಂದು ಕೇಳಿದಳು ಸುಜಾತಾ.

ಕಾಳವ್ವ ಉಳಿದ ಚಹಾ ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟಳು. "ಮತ್ತ ವಾಪಸ್ ಕಳಸತೇನ್ರಿ" ಎಂದು ಹೇಳಿ, ಸೀರೆಯ ನಿರಿಗೆ ಎತ್ತಿ ಹಿಡಿದು ವಾರ್ಡಿನ ಕಡೆ ದಾಪುಗಾಲು ಹಾಕಿದಳು.